ಹತ್ತು ಕೇರಿಯ ಹಲರು: ಬಾರಕೂರಿನ ಕಲ್ಲುಗಳಲ್ಲಿ ಒಂದು ರೇವುಪಟ್ಟಣ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಪಶ್ಚಿಮಕ್ಕೆ ಹೋದರೆ ಸುಂಕದಕಟ್ಟೆ. ನಾನು ಇಲ್ಲಿಗೆ ಬಂದು 19 ವರ್ಷವಾಯಿತು. ಹುಟ್ಟಿದ್ದು ಉಡುಪಿ ಜಿಲ್ಲೆಯ ಬಾರಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಊರಿಂದ ಯಾರಾದರೂ ಮನೆಗೆ ಬಂದರೆ ಬಸ್‌ಸ್ಟಾಪಿನ ಬೋರ್ಡು ನೋಡಿ ನಗುತ್ತಾರೆ: "ಇಲ್ಲೂ ಒಂದು ಸುಂಕದಕಟ್ಟೆಯಾ?" ನಮ್ಮ ಕಡೆಯವರಿಗೆ ಸುಂಕದಕಟ್ಟೆ ಎಂದರೆ ಬಜಪೆ ಹತ್ತಿರದ ಅಂಬಿಕಾ ಅನ್ನಪೂರ್ಣೇಶ್ವರಿ ದೇವಸ್ಥಾನ, ಅಲ್ಲಿಂದ ಹೊರಡುವ ಯಕ್ಷಗಾನ ಮೇಳ. ಮಂಜೇಶ್ವರದ ಕಡೆಗೂ ಇದೇ ಹೆಸರಿನ ಊರೊಂದಿದೆ.

ಒಂದೇ ಹೆಸರು ಅಷ್ಟು ದೂರದೂರದಲ್ಲಿ ಸಿಗುವುದಕ್ಕೆ ಕಾರಣ ಸರಳ. ಸರಕು ಹೋಗುವ ದಾರಿ ಎಲ್ಲಿತ್ತೋ ಅಲ್ಲೆಲ್ಲ ಸುಂಕ ಎತ್ತುವವನು ಕೂತಿದ್ದ. ಮೈಸೂರು ಸಂಸ್ಥಾನದ ಸಾಯರು ಲೆಕ್ಕದಲ್ಲಿ ಸುಂಕದ ಠಾಣೆಗೆ ಕಟ್ಟೆ ಎಂದೇ ಹೆಸರು. ವಿಜಯನಗರ ಕಾಲದ ಶಾಸನಗಳಲ್ಲಿ ಸುಂಕವನ್ನು ಮೂರು ಬಗೆಯಾಗಿ ಹೇಳುತ್ತಾರೆ. ಊರಲ್ಲಿ ಮಾರಾಟವಾಗುವ ಸರಕಿನ ಮೇಲೆ ಸ್ಥಳದಾಯ, ಊರನ್ನು ಹಾದುಹೋಗುವ ಸರಕಿನ ಮೇಲೆ ಮಾರ್ಗದಾಯ, ಪರದೇಶಕ್ಕೆ ಹೋಗುವ ಸರಕಿನ ಮೇಲೆ ಮಾಮೂಲದಾಯ. ನಮ್ಮ ಮಾಗಡಿ ರಸ್ತೆಯ ಕಟ್ಟೆಯದು ಮಾರ್ಗದಾಯದ ಜಾತಿ ಅನ್ನಬಹುದು. ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ರದ್ದಾದವು ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ತೆರಿಗೆ ಹೋದರೂ ಊರಿಗೆ ಅದರ ಹೆಸರು ಉಳಿಯಿತು. ಈಗ ಇಲ್ಲಿ ಗಾರ್ಮೆಂಟ್ಸ್, ಲೇತ್ ಮೆಷಿನ್ನು, ಬಾಡಿಗೆ ಮನೆಗಳು. ಸುಂಕ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಕೇಳಿದರೆ ಹೇಳುವ ಕಲ್ಲು ನನಗಂತೂ ಇಲ್ಲಿ ಸಿಕ್ಕಿಲ್ಲ.

ಬಾರಕೂರಿನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಪೇಟೆಯೂ ಹೋಗಿದೆ, ರೇವೂ ಹೋಗಿದೆ. ಆದರೆ ಕಲ್ಲುಗಳು ಉಳಿದಿವೆ. ಈ ಸಲ ಆ ಕಲ್ಲುಗಳ ಬಗ್ಗೆ ಬರೆಯುತ್ತೇನೆ. ರಾಜವಂಶಗಳ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಊರು ಎಂದರೆ ಯಾರು ಎಂಬ ಪ್ರಶ್ನೆಗೆ ಬಾರಕೂರಿನ ಕಲ್ಲುಗಳು ಏನು ಉತ್ತರ ಕೊಡುತ್ತವೆ, ಯಾವ ಉತ್ತರ ಕೊಡುವುದಿಲ್ಲ ಅಂತ ನೋಡುವುದು.

ಊರು, ಹೊಳೆ, ಅಳಿವೆ

ಬಾರಕೂರು ಉಡುಪಿಯಿಂದ ಉತ್ತರಕ್ಕೆ, ಬ್ರಹ್ಮಾವರ ದಾಟಿ, ಸೀತಾ ಹೊಳೆಯ ದಡದಲ್ಲಿದೆ. ಸಮುದ್ರ ಊರಿಗೆ ತಾಗಿಲ್ಲ. ಹೊಳೆ ಕೆಳಗೆ ಹೋಗಿ ಸುವರ್ಣಾ ಹೊಳೆಯ ಜೊತೆ ಕಡಲು ಸೇರುವ ಜಾಗದಲ್ಲಿ ಹಂಗಾರಕಟ್ಟೆ ಇದೆ. ಅಲ್ಲೂ ಕಟ್ಟೆ! ಹಡಗುಗಳು ಅಳಿವೆಯಲ್ಲಿ ನಿಂತು ಸರಕು ದೋಣಿಯಲ್ಲಿ ಮೇಲಕ್ಕೆ ಬರುವುದು ಕರಾವಳಿಯ ಹಳೆಯ ರೇವುಗಳ ಪದ್ಧತಿ. ಪೇಟೆ ಕಡಲಿನಿಂದ ಸ್ವಲ್ಪ ಒಳಗಿದ್ದರೆ ಗಾಳಿಮಳೆಯಿಂದಲೂ ಕಡಲ್ಗಳ್ಳರಿಂದಲೂ ರಕ್ಷಣೆ. ಉತ್ತರದ ಬಸರೂರಿನದೂ ಇದೇ ವ್ಯವಸ್ಥೆ.

ಆಳುಪರು ಉದ್ಯಾವರ, ಮಂಗಳೂರುಗಳ ಜೊತೆಗೆ ಬಾರಕೂರಿನಿಂದಲೂ ಆಳಿದರು. ಅವರ ಲಾಂಛನ ಜೋಡಿ ಮೀನು. ಅದು ಅವರ ನಾಣ್ಯಗಳ ಮೇಲೂ ಇದೆ. ಕಡಲ ಕರೆಯ ರಾಜರಿಗೆ ತಕ್ಕ ಗುರುತು. 14ನೇ ಶತಮಾನದಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ಕೈ ಇಲ್ಲಿಗೂ ಚಾಚಿತು. ಅವನ ರಾಣಿ, ಆಳುಪ ಮನೆತನದ ಚಿಕ್ಕಾಯಿತಾಯಿ (ಕೆಲವರು ಕಿಕ್ಕಾಯಿತಾಯಿ ಎಂದು ಓದುತ್ತಾರೆ) ಬಾರಕೂರಿನಿಂದ ರಾಜ್ಯವಾಳಿದಳು. ಆಮೇಲೆ ವಿಜಯನಗರ. ಕರಾವಳಿಯನ್ನು ಅವರು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ ಅಧಿಕಾರಿಗಳನ್ನು ಕಳಿಸಿದರು. ಮಲ್ಲೆಯ ದಣ್ಣಾಯಕ, ಬಸವಣ್ಣ ಒಡೆಯ, ಪಂಡರಿದೇವ ಹೀಗೆ ಬೇರೆ ಬೇರೆ ಕಾಲದಲ್ಲಿ ಬಂದುಹೋದವರ ಹೆಸರು ಕಲ್ಲುಗಳಲ್ಲಿವೆ. 16ನೇ ಶತಮಾನದ ನಡುವೆ ಎರಡೂ ರಾಜ್ಯಗಳು ಕೆಳದಿಯ ಸದಾಶಿವ ನಾಯಕನ ಕೈಗೆ ಬಂದವು.

ಶಾಸನಗಳಲ್ಲಿ ಊರಿಗೆ ಬಾರಕೂರು ಅಂತಲೂ ಇದೆ, ಬಾರಹಕನ್ಯಾಪುರ ಅಂತಲೂ ಇದೆ. ಎರಡನೆಯದನ್ನು ಹಿಡಿದು ಹನ್ನೆರಡು ಕನ್ಯೆಯರ ಕಥೆ ಹುಟ್ಟಿದೆ. ಕಥೆ ಚೆನ್ನಾಗಿದೆ. ಆದರೆ ಆಡುಮಾತಿನ ಊರಹೆಸರಿಗೆ ಸಂಸ್ಕೃತದ ಅಂಗಿ ತೊಡಿಸಿದ ಉದಾಹರಣೆಗಳು ನಮ್ಮ ಶಾಸನಗಳಲ್ಲಿ ಬೇಕಾದಷ್ಟು ಇವೆ, ಇದೂ ಅಂಥದ್ದೇ ಎಂದು ನನ್ನ ಎಣಿಕೆ.

ಹಳೆಯ ಮೈಸೂರಿನವರಿಗೆ ಈ ಕಲ್ಲುಗಳು ಅಷ್ಟಾಗಿ ಪರಿಚಯವಿಲ್ಲದಿರುವುದಕ್ಕೆ ಒಂದು ಕಾರಣ ಉಂಟು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ನೋಡಿದರೆ ಬೆಂಗಳೂರು, ಮಾಗಡಿ ಕಡೆಯ ಶಾಸನಗಳು 9ನೇ ಸಂಪುಟದಲ್ಲಿ, 1905ರಲ್ಲೇ ಬಂದಿವೆ. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು, ಹಾಗಾಗಿ ರೈಸ್ ಅವರ ಕೈಗೆ ಬರಲಿಲ್ಲ. ಮದರಾಸಿನವರು 1901ರಲ್ಲಿ ಬಾರಕೂರಿನ ಪಡಿಯಚ್ಚುಗಳನ್ನು ತೆಗೆದರು. ಅವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟದಲ್ಲಿ ಅಚ್ಚಾದವು. ಅದಾದ ಎಷ್ಟೋ ವರ್ಷಕ್ಕೆ ಕೆ. ವಿ. ರಮೇಶ್ ಅವರ ದಕ್ಷಿಣ ಕನ್ನಡ ಇತಿಹಾಸ (1970), ಪಿ. ಗುರುರಾಜ ಭಟ್ಟರ ತುಳುನಾಡಿನ ಅಧ್ಯಯನ (1975) ಬಂದು ಈ ಕಲ್ಲುಗಳಿಗೆ ಮಾತು ಕೊಟ್ಟವು. ಭಟ್ಟರು ಬಾರಕೂರಿನ ಸಮೀಪದ ಕಲ್ಯಾಣಪುರದಲ್ಲಿ ಕಾಲೇಜು ಪ್ರಿನ್ಸಿಪಾಲರಾಗಿದ್ದುಕೊಂಡು ಈ ಕೆಲಸ ಮಾಡಿದವರು.

ಹಲರು ಎಂದರೆ ಯಾರು?

ಬಾರಕೂರಿನ ಒಂದು ಸಾಮಾನ್ಯ ಶಾಸನವನ್ನು ಮನಸ್ಸಿಗೆ ತಂದುಕೊಳ್ಳಿ. ಆಳೆತ್ತರದ ಕಣಶಿಲೆಯ ಹಲಗೆ. ಮೇಲ್ಭಾಗದಲ್ಲಿ ಲಿಂಗ ಅಥವಾ ಜಿನ, ಆಕಳು ಕರು, ಸೂರ್ಯ ಚಂದ್ರ. ಕೆಳಗೆ ಒತ್ತೊತ್ತಾಗಿ ಕನ್ನಡ ಸಾಲುಗಳು. ತುಳು ಆಡುವ ನಾಡಿನಲ್ಲೂ ಶಾಸನದ ಭಾಷೆ ಬಹುತೇಕ ಕನ್ನಡವೇ. ಮೊದಲು ಸ್ವಸ್ತಿಶ್ರೀ, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. (ಹೊಸಬರಿಗೆ ಒಂದು ಮಾತು: ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ; ಶಕ 1260 ಎಂದರೆ 1338. ಪುಷ್ಯದ ನಂತರದ ತಿಂಗಳಾದರೆ 79 ಕೂಡಿಸಬೇಕಾಗಬಹುದು. ಸಂವತ್ಸರದ ಹೆಸರು ತಾಳೆಯಾಗುತ್ತದೆಯೇ ಎಂದು ನೋಡದೆ ಇಸವಿ ಬರೆಯಬೇಡಿ.) ಆಮೇಲೆ ಆಳುವ ಅರಸ, ಅವನ ಕೈಕೆಳಗೆ ಬಾರಕೂರನ್ನು ನೋಡಿಕೊಳ್ಳುವ ಅಧಿಕಾರಿ.

ಇಲ್ಲಿವರೆಗೆ ಯಾವ ಊರಿನ ಶಾಸನವಾದರೂ ಹೀಗೇ. ಬಾರಕೂರಿನ ವಿಶೇಷ ಇರುವುದು ಇದರ ಮುಂದೆ. ದಾನ ಕೊಟ್ಟದ್ದು, ಪಡೆದದ್ದು, ಕಾಪಾಡುವ ಹೊಣೆ ಹೊತ್ತದ್ದು ಯಾರು ಎನ್ನುವಲ್ಲಿ ಕೇರಿಗಳು ಬರುತ್ತವೆ. ಬಾರಕೂರಿಗೆ ಹತ್ತು ಕೇರಿ. ಚೌಳಿಕೇರಿ, ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ರಂಗನಕೇರಿ, ಭಂಡಾರಕೇರಿ ಈಗಲೂ ಊರವರ ಬಾಯಲ್ಲಿರುವ ಹೆಸರುಗಳು. ಆಟೋದವನಿಗೆ ಚೌಳಿಕೇರಿ ಅಂದರೆ ಸಾಕು, ಬಿಡುತ್ತಾನೆ. ಈಗ ಕೇರಿ ಅಂದರೆ ನಮ್ಮ ಕಿವಿಗೆ ಊರಾಚೆ ಇಟ್ಟ ಜನರ ವಸತಿ ಎಂಬ ಅರ್ಥ ಮೊದಲು ಬರುತ್ತದೆ. ಶಾಸನಗಳ ಕೇರಿಯೇ ಬೇರೆ. ಅದು ವ್ಯಾಪಾರಿಗಳ ಬೀದಿ, ತನ್ನದೇ ದೇವಸ್ಥಾನ, ತನ್ನದೇ ಸಭೆ ಇದ್ದ ಪೇಟೆಯ ತುಂಡು.

ಆ ಸಭೆಗೆ ಇರುವ ಹೆಸರು ಹಲರು. ಹಳಗನ್ನಡದ ಪಲರ್, ಪಕಾರ ಹಕಾರವಾಗಿ ಹಲರು. ಅರ್ಥ ಇಷ್ಟೇ: ಅನೇಕರು, ಬಹಳ ಜನ. ಮೊದಲ ಸಲ ಈ ಪದ ಓದಿದಾಗ ನಾನು ಅದನ್ನು ಸಭೆಯ ಹೆಸರು ಅಂತ ಹಿಡಿಯಲೇ ಇಲ್ಲ. "ಯಾರೋ ಹಲವು ಜನ ಸೇರಿ ಕೊಟ್ಟರು" ಅಂತ ಬರೆದುಕೊಂಡಿದ್ದೆ. ಹತ್ತು ಶಾಸನ ಓದಿದ ಮೇಲೆ ತಿಳಿಯಿತು, ಈ ಹಲರು ಯಾರೋ ಅಲ್ಲ. ಇಂಥ ಕೇರಿಯ ಹಲರು ಎಂದು ಗುರುತಿಟ್ಟು ಹೇಳುವ, ಹಣ ಇಟ್ಟುಕೊಳ್ಳುವ, ಭೂಮಿ ಕೊಳ್ಳುವ, ದೇವಸ್ಥಾನದ ದೀಪ ಆರದಂತೆ ನೋಡಿಕೊಳ್ಳುವ ಒಂದು ಸಂಸ್ಥೆ. ಇವರ ಜೊತೆಗೆ ಸೆಟ್ಟಿಕಾರರು, ನಖರ ಎನ್ನುವ ವರ್ತಕ ಕೂಟಗಳೂ ಇದ್ದವು. ನಖರ ಎಂದರೆ ನಗರವೇ. ಕರಾವಳಿಯ ಶಾಸನಗಳಲ್ಲಿ ಹಂಜಮಾನ ಎಂಬ ಇನ್ನೊಂದು ಕೂಟವೂ ಬರುತ್ತದೆ. ಅದು ಪರ್ಷಿಯನ್ನಿನ ಅಂಜುಮನ್. ಕಡಲಾಚೆಯಿಂದ ಬಂದ ವ್ಯಾಪಾರಿಗಳ ಸಂಘ. ಪರದೇಶದ ಮಾತು ಕನ್ನಡ ಕಲ್ಲಿನ ಮೇಲೆ ಯಾರ ಅಭ್ಯಂತರವೂ ಇಲ್ಲದೆ ಕೂತಿದೆ.

ನನಗೆ ಮುಖ್ಯ ಅನ್ನಿಸುವುದು ಇದು. ಆಳುಪ ಹೋಗಿ ಹೊಯ್ಸಳ, ಹೊಯ್ಸಳ ಹೋಗಿ ವಿಜಯನಗರ ಬಂತು. ಶಾಸನದ ಮೊದಲ ಸಾಲುಗಳಲ್ಲಿ ಅರಸರ ಹೆಸರು ಬದಲಾಗುತ್ತಾ ಹೋಗುತ್ತದೆ, ಕೆಳಗಿನ ಸಾಲುಗಳಲ್ಲಿ ಕೇರಿಗಳು ಉಳಿಯುತ್ತವೆ. ಅರಸನಿಗೆ ಸುಂಕ ಬೇಕು, ಸುಂಕ ಬರಬೇಕಾದರೆ ವ್ಯಾಪಾರ ಬೇಕು, ವ್ಯಾಪಾರಕ್ಕೆ ಹಲರು ಬೇಕು. ಹಾಗಾಗಿ ಯಾರು ಬಂದರೂ ಇವರ ಜೊತೆ ಹೊಂದಿಕೊಂಡೇ ಹೋಗಬೇಕಾಯಿತು. ಬಾರಕೂರನ್ನು ರಾಜಧಾನಿ ಅನ್ನುವುದು ವಾಡಿಕೆ. ಕಲ್ಲುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅದು ಮೊದಲು ಹಲರ ಪೇಟೆ, ಆಮೇಲೆ ಅರಸರ ರಾಜಧಾನಿ.

ಹೊರಗಿನವನು ಕಂಡ ಬಾರಕೂರು

ಒಂದು ವಿಚಿತ್ರ ಹೇಳಬೇಕು. ನಾನು ಓದಿದ ಬಾರಕೂರಿನ ಶಾಸನಗಳಲ್ಲಿ ಕಡಲು ಕಾಣುವುದೇ ಕಡಿಮೆ. ಗದ್ದೆ ಇದೆ, ಅಕ್ಕಿ ಇದೆ, ನಂದಾದೀಪ ಇದೆ, ಛತ್ರದ ಊಟ ಇದೆ. ಹಡಗು ಇಲ್ಲ. ದಾನಪತ್ರದಲ್ಲಿ ಹಡಗಿಗೇನು ಕೆಲಸ, ಸರಿ. ಕಡಲನ್ನು ನೋಡಬೇಕಾದರೆ ಕಡಲಿಂದ ಬಂದವನನ್ನೇ ಕೇಳಬೇಕು.

1342ರ ಸುಮಾರಿಗೆ ಮೊರಾಕೊದ ಇಬ್ನ್ ಬತೂತ ದೆಹಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು ಈ ಕರಾವಳಿಯಲ್ಲಿ ಇಳಿದುಕೊಂಡು ಹೋದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದವನು ಇವನೇ. ಅಬೂಸರೂರ್ ಎಂದು ಅವನು ಕರೆಯುವ ಬಸರೂರು ತೆಂಗಿನ ಮರಗಳ ಸಣ್ಣ ಊರು. ಅಲ್ಲಿಂದ ಎರಡು ದಿನಕ್ಕೆ ಫಾಕನೂರ್, ಅಂದರೆ ನಮ್ಮ ಬಾರಕೂರು. ಅಳಿವೆಯ ಮೇಲಿನ ದೊಡ್ಡ ಪಟ್ಟಣ, ಕಬ್ಬು ಬಹಳ ಚೆನ್ನ, ಅರಸನಿಗೆ ಸುಮಾರು 30 ಯುದ್ಧನೌಕೆ, ಅವುಗಳ ನಾಯಕ ಲೂಲಾ ಎಂಬ ಮುಸ್ಲಿಮ. ಆ ಲೂಲಾ ದೊಡ್ಡ ಕಡಲ್ಗಳ್ಳ ಎಂದು ಬೈಯುವುದನ್ನೂ ಬಿಟ್ಟಿಲ್ಲ.

ಮುಖ್ಯವಾದದ್ದು ಸುಂಕದ ವಿಷಯ. ಈ ಕರಾವಳಿಯಲ್ಲಿ ಒಂದು ರೂಢಿ ಇದೆ ಎನ್ನುತ್ತಾನೆ. ಯಾವ ಹಡಗೇ ಆಗಲಿ ಊರ ಮುಂದೆ ಹಾದುಹೋಗುವಾಗ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು. ಇದಕ್ಕೆ ಬಂದರದ ಹಕ್ಕು ಅಂತ ಹೆಸರು. ಕೊಡದೆ ಹೋದರೆ ಅಟ್ಟಿಸಿಕೊಂಡು ಹೋಗಿ ಬಲವಂತವಾಗಿ ರೇವಿಗೆ ಎಳೆತಂದು ಸುಂಕವನ್ನು ಇಮ್ಮಡಿ ಮಾಡುತ್ತಾರೆ, ತಮಗೆ ಬೇಕಾದಷ್ಟು ದಿನ ಹಡಗನ್ನು ತಡೆದು ನಿಲ್ಲಿಸುತ್ತಾರೆ. ಮಾರ್ಗದಾಯವೇ ಇದು, ಮಾರ್ಗ ಮಾತ್ರ ನೀರಿನದು! ಇಬ್ನ್ ಬತೂತನ ತಂಡಕ್ಕೆ ಮಾತ್ರ ಬೇರೆ ಸತ್ಕಾರ. ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿ, ಇವರನ್ನು ದಡಕ್ಕೆ ಕರೆಸಿ ಮೂರು ರಾತ್ರಿ ಆತಿಥ್ಯ ಕೊಟ್ಟ. ದೆಹಲಿ ಸುಲ್ತಾನನ ಮೇಲಿನ ಮರ್ಯಾದೆ ಒಂದು ಕಾರಣ, ಹಡಗಿನವರ ಜೊತೆ ವ್ಯಾಪಾರ ಮಾಡುವ ಆಸೆ ಇನ್ನೊಂದು ಅಂತ ಅವನೇ ಹೇಳುತ್ತಾನೆ. ಸುಂಕ ಎತ್ತುವವನಿಗೂ ಗೊತ್ತಿತ್ತು, ತೀರಾ ಹಿಂಡಿದರೆ ಹಡಗು ಮುಂದಿನ ಸಲ ಪಕ್ಕದ ರೇವಿಗೆ ಹೋಗುತ್ತದೆ.

ಶಾಸನ ಓದುವವರಿಗೆ ಇಲ್ಲೊಂದು ತೊಡಕು. ಇಬ್ನ್ ಬತೂತ ಹೇಳುವ ಅರಸನ ಹೆಸರು ಬಾಸದೇವ್. ಅದೇ ದಶಕದ ಕಲ್ಲುಗಳಲ್ಲಿ ಬಾರಕೂರಿನಿಂದ ಆಳುತ್ತಿರುವವಳು ಚಿಕ್ಕಾಯಿತಾಯಿ. ಇಬ್ಬರಲ್ಲಿ ಒಬ್ಬರನ್ನು ಸುಳ್ಳು ಮಾಡುವ ಅವಸರ ನನಗಿಲ್ಲ. ಪ್ರವಾಸಿ ಭೇಟಿಯಾಗುವುದು ರೇವಿನ ಮೇಲೆ ಕೈಯಿರುವವನನ್ನು. ಕಲ್ಲು ಹೇಳುವುದು ಬಿರುದು ಸಲ್ಲುವವರ ಹೆಸರನ್ನು. ಒಂದೇ ಊರಿನಲ್ಲಿ ಎರಡೂ ಇರುವುದು ಆಗಲೂ ಹೊಸತಲ್ಲ, ಈಗಲೂ ಅಲ್ಲ.

ಗದ್ಯಾಣ ಮತ್ತು ಮುಡಿ

ಹಡಗು ಕಾಣದಿದ್ದರೂ ಅದು ಬಿಟ್ಟುಹೋದ ಗುರುತು ಶಾಸನದಲ್ಲಿ ಇದೆ, ಎರಡು ಕಡೆ.

ಒಂದು ನಾಣ್ಯ. ಈ ಸೀಮೆಯ ಶಾಸನಗಳಲ್ಲಿ ಬರೀ ಗದ್ಯಾಣ ಅನ್ನುವುದಿಲ್ಲ; ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ ಎಂದು ಬಿಡಿಸಿ ಹೇಳುತ್ತಾರೆ. ಎರಡು ರೇವಿನ ಹೊನ್ನಿಗೆ ಎರಡು ಬೆಲೆ, ಅದಕ್ಕೇ ಈ ಎಚ್ಚರ. ನಾಲ್ಕು ಕಡೆಯ ಜನ ಬಂದು ದುಡ್ಡು ಬದಲಾಯಿಸುವ ಪೇಟೆಯಲ್ಲದಿದ್ದರೆ ದೀಪದ ಎಣ್ಣೆಗೆ ಕೊಟ್ಟ ದಾನದಲ್ಲಿ ಯಾವ ಊರ ಗದ್ಯಾಣ ಅಂತ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನೊಂದು ಅಕ್ಕಿಯ ಅಳತೆ. ಎಷ್ಟು ಮುಡಿ ಅಕ್ಕಿ ಅನ್ನುವುದರ ಜೊತೆಗೆ, ಎಷ್ಟು ಹಾನೆಯ ಲೆಕ್ಕದ ಮುಡಿ ಅಂತಲೂ ಕೆತ್ತಿಸುತ್ತಾರೆ; 50 ಹಾನೆಯ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ. ಅಳತೆ ಮೋಸ ಅಂದೂ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಭೂಮಿಯನ್ನೂ ಎಷ್ಟು ಮುಡಿ ಬೀಜ ಬಿತ್ತಬಹುದು ಎಂಬುದರಿಂದಲೇ ಅಳೆಯುತ್ತಾರೆ. ಆ ಅಕ್ಕಿ ಊರಲ್ಲೇ ಉಳಿಯುತ್ತಿರಲಿಲ್ಲ. 1515ರ ಸುಮಾರಿಗೆ ಬರೆದ ಪೋರ್ಚುಗೀಸ್ ಬಾರ್ಬೋಸ ಈ ತೀರದ ರೇವುಗಳಿಂದ ಒಳ್ಳೆಯ ಅಕ್ಕಿ ಹಡಗುಗಳಲ್ಲಿ ಹೋಗುತ್ತದೆ, ಮಲಬಾರಿನವರು ಬಂದು ತುಂಬಿಕೊಂಡು ಹೋಗುತ್ತಾರೆ ಎನ್ನುತ್ತಾನೆ. ಕಾಳುಮೆಣಸಿನ ನಾಡಿಗೆ ಉಣ್ಣಲು ಅಕ್ಕಿ ಬೇಕಿತ್ತು. ಆ ಅಕ್ಕಿ ನಮ್ಮ ಬಯಲು ಗದ್ದೆಗಳದ್ದು. ಕರಾವಳಿಯ ವ್ಯಾಪಾರ ಅಂದ ಕೂಡಲೇ ಎಲ್ಲರೂ ಮೆಣಸು, ಕುದುರೆ ಅನ್ನುತ್ತಾರೆ. ಬಾರಕೂರನ್ನು, ಬಸರೂರನ್ನು ಸಾಕಿದ್ದು ಮುಖ್ಯವಾಗಿ ಅಕ್ಕಿ. ಪೋರ್ಚುಗೀಸರು 1569ರಲ್ಲಿ ಬಸರೂರಿನ ಕೋಟೆ ಹಿಡಿದಾಗ ಅವರ ಕಣ್ಣಿದ್ದದ್ದೂ ಅಕ್ಕಿಯ ಮೇಲೆಯೇ. ಅಷ್ಟು ಹೊತ್ತಿಗೆ ಬಾರಕೂರಿನ ಕಾಲ ಇಳಿದಿತ್ತು. ವ್ಯಾಪಾರ ಬಸರೂರಿಗೆ, ಕುಂದಾಪುರಕ್ಕೆ, ಮಂಗಳೂರಿಗೆ ಸರಿಯಿತು.

ಮುಡಿ ಎನ್ನುವ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಒಣಹುಲ್ಲಿನಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಲ್ಲಿ ಬಿಗಿದು ಚೆಂಡಿನ ಹಾಗೆ ಮಾಡುವ ಅಕ್ಕಿಮುಡಿ ನಮ್ಮ ಮನೆಯ ಅಟ್ಟದಲ್ಲಿತ್ತು. ಒಂದು ಮುಡಿಗೆ 42 ಸೇರು. 14 ಸೇರಿನ ಕಳಸೆ ಮೂರು. ಗೇಣಿಯ ಲೆಕ್ಕವೆಲ್ಲ ಮುಡಿಯಲ್ಲೇ. ನಮ್ಮದು ಗೇಣಿ ಒಕ್ಕಲು. 1974ರ ಭೂಸುಧಾರಣೆ ಕಾನೂನು ಬರುವವರೆಗೂ ಕೊಯಿಲಾದ ಮೇಲೆ ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೊತ್ತು ಹಾಕುತ್ತಿದ್ದದ್ದನ್ನು ಅಜ್ಜ ಹೇಳುತ್ತಿದ್ದರು. ಅಳೆಯುವಾಗ ಕಳಸೆಯ ಮೇಲೆ ಅಕ್ಕಿ ಗೋಪುರದ ಹಾಗೆ ನಿಲ್ಲಬೇಕಿತ್ತಂತೆ. ಎಷ್ಟು ಹಾನೆಯ ಮುಡಿ ಎಂದು ಕಲ್ಲಿನಲ್ಲಿ ಕೆತ್ತಿಸಿದವರ ಚಿಂತೆ ನನಗೆ ಅರ್ಥವಾಗುವುದು ಅಜ್ಜನ ಆ ಗೋಪುರದಿಂದ.

ಹಡಗಿನ ಕಥೆ

ಕಲ್ಲಿನಲ್ಲಿ ಇಲ್ಲದ ಹಡಗು ಕಥೆಯಲ್ಲಿದೆ. ಬಾರಕೂರಿನಲ್ಲಿ ಯಾರನ್ನು ಕೇಳಿದರೂ ಭೂತಾಳಪಾಂಡ್ಯನ ಹೆಸರು ಹೇಳುತ್ತಾರೆ. ದೇವಪಾಂಡ್ಯ ಎಂಬ ವರ್ತಕ ಹಡಗು ಕಟ್ಟಿಸಿ ನೀರಿಗಿಳಿಸಲು ಹೊರಟಾಗ ಕುಂಡೋದರ ಎಂಬ ಭೂತ ತಡೆದು ನರಬಲಿ ಕೇಳುತ್ತದೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ. ತಂಗಿ ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದೆ ಬರುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಉಳಿಸುತ್ತದೆ. ಅವನೇ ಭೂತಾಳಪಾಂಡ್ಯನಾಗಿ ಬಾರಕೂರನ್ನು ಆಳುತ್ತಾನೆ. ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಎಂಬ ಅಳಿಯಕಟ್ಟು ಅಲ್ಲಿಂದ ಶುರುವಾಗುತ್ತದೆ.

ಶಾಸನಗಳಲ್ಲಿ ಭೂತಾಳಪಾಂಡ್ಯ ಎಂಬ ಅರಸ ಇಲ್ಲ. ಕಥೆಗೆ ಅಂಟಿಸಿರುವ ಕ್ರಿಸ್ತಶಕ ಮೊದಲ ಶತಮಾನದ ಇಸವಿಗೆ ಆಧಾರವೂ ಇಲ್ಲ. ಅಷ್ಟಕ್ಕೇ ಕಥೆಯನ್ನು ಬಿಸಾಡಬೇಕೆ? ಅರಸರ ಚರಿತ್ರೆ ಬರೆಯುವವನು ಬಿಸಾಡಲಿ. ರೇವುಪಟ್ಟಣದ ಚರಿತ್ರೆ ಬರೆಯುವವನು ಅದನ್ನು ಇಟ್ಟುಕೊಳ್ಳಬೇಕು. ಹಡಗು ನೀರಿಗಿಳಿಸುವುದು ಎಷ್ಟು ಭಯದ ಕೆಲಸವಾಗಿತ್ತು, ಒಬ್ಬ ವರ್ತಕನ ಲಾಭಕ್ಕೆ ಯಾರ ಮನೆಯ ಮಗ ಕಡಲಿಗೆ ಬೀಳುತ್ತಿದ್ದ, ಅದರ ಲೆಕ್ಕ ಯಾವ ದಾನಶಾಸನದಲ್ಲೂ ಸಿಗುವುದಿಲ್ಲ. ಕಥೆ ಅದನ್ನು ಮರೆತಿಲ್ಲ.

"ನಮ್ ಹೆಸ್ರ್ ಇತ್ತಾ?"

ಕೊನೆಗೆ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಈ ಬರಹಕ್ಕೆ ಕೂತದ್ದೂ ಅದಕ್ಕಾಗಿಯೇ.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಗೆ ಊರಿಗೆ ಹೋದಾಗ ಪರಿಚಯದವರ ಮನೆಯ ಬಾವಿಕಟ್ಟೆ ಹತ್ತಿರ ಬಟ್ಟೆ ಒಗೆಯುವ ಕಲ್ಲು ನೋಡಿದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಕಲ್ಲಿನ ಮೇಲೆ ಸಾಲು. ಮೊಣಕಾಲೂರಿ ಕೂತು ನೀರು ಹಾಕಿ ಬೆರಳಾಡಿಸಿದೆ. ಎಷ್ಟೋ ವರ್ಷ ಸೋಪು ಉಜ್ಜಿ ಅಕ್ಷರ ಸವೆದಿತ್ತು. ಒಂದು ಕಡೆ ಗದ್ಯಾಣಕ್ಕೆ ಹಾಕುವ 'ಗ' ಗುರುತು, ಇನ್ನೊಂದು ಕಡೆ 'ಕೇರಿಯ ಹಲ' ಎನ್ನುವವರೆಗೆ ಓದಲು ಬಂತು. ಮುಂದೆ ಕಲ್ಲು ಚಕ್ಕೆ ಎದ್ದಿತ್ತು.

ಮನೆಯ ಅಜ್ಜಿ ಬಂದು ನಿಂತರು. "ಹ್ವಾಯ್, ಅದ್ರಗೆ ಎಂತ ಬರ್ದಿತ್?" ಅಂದರು. ಹಳೇ ಕಾಲದ ದಾನದ ಲೆಕ್ಕ, ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಇದೆ ಅಂದೆ. ಅವರು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿ ಕೇಳಿದರು: "ನಮ್ ಹೆಸ್ರ್ ಇತ್ತಾ ಅದ್ರಗೆ?"

ಇಲ್ಲ ಅಂದೆ. ನಿಜವಾದ ಉತ್ತರ ಅದೇ. ಅವರ ಮನೆಯವರೂ ನಮ್ಮ ಹಾಗೆ ಒಕ್ಕಲು. ಶಾಸನದಲ್ಲಿ ಕೊಟ್ಟವನ ಹೆಸರಿರುತ್ತದೆ, ಪಡೆದ ದೇವರ ಹೆಸರಿರುತ್ತದೆ, ಕಾಯುವ ಹಲರ ಹೆಸರಿರುತ್ತದೆ. ಆ ಅಕ್ಕಿ ಬೆಳೆದವನ, ಮುಡಿ ಕಟ್ಟಿದವಳ, ದೋಣಿಗೆ ಹೊತ್ತು ಹಾಕಿದವನ ಹೆಸರು ಅಪರೂಪ. ಹಲರು ಎಂದರೆ ಅನೇಕರು ಅಂತ ಮೇಲೆ ಹೇಳಿದೆನಲ್ಲ, ಆ ಅನೇಕರಲ್ಲಿ ಇವರು ಸೇರಿರಲಿಲ್ಲ. ಹಲರ ಆಡಳಿತವನ್ನು ಪ್ರಜಾಪ್ರಭುತ್ವ ಅಂತ ಹೊಗಳುವವರನ್ನು ಕಂಡಾಗೆಲ್ಲ ನನಗೆ ಆ ಅಜ್ಜಿಯ ಪ್ರಶ್ನೆ ನೆನಪಾಗುತ್ತದೆ.

ಮುಂದಿನ ಸಲ ಕಾಗದ, ಮಸಿ, ಕುಂಚ ತಂದು ಪಡಿಯಚ್ಚು ತೆಗೆಯುತ್ತೇನೆ ಅಂತ ಹೇಳಿ ಬಂದೆ. ಮೊಬೈಲಿನಲ್ಲಿ ಒಂದೇ ಒಂದು ಫೋಟೋ ತೆಗೆದಿದ್ದೆ, ಅದೂ ಒದ್ದೆ ಕಲ್ಲಿನದ್ದು, ಹೊಳೆದು ಏನೂ ಕಾಣುವುದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕೆಲಸ, ಮಗಳ ಪರೀಕ್ಷೆ, ಒಂದಲ್ಲ ಒಂದು. ಮತ್ತೆ ಹೋಗುವಷ್ಟರಲ್ಲಿ ಐದು ವರ್ಷ. ಅಜ್ಜಿ ತೀರಿಕೊಂಡಿದ್ದರು. ಹಳೆ ಮನೆ ಕೆಡವಿ ಹೊಸದು ಕಟ್ಟಿದ್ದರು, ಬಾವಿಗೆ ಪಂಪು, ಒಳಗೆ ವಾಷಿಂಗ್ ಮೆಷಿನ್ನು. ಒಗೆಯುವ ಕಲ್ಲು ಎಲ್ಲಿ ಅಂದರೆ ಪಾಯಕ್ಕೆ ಒಡೆದು ಹಾಕಿದೆವು ಅಂದರು, ಬಹಳ ಸಹಜವಾಗಿ. ಅವರನ್ನು ದೂರುವಂತಿಲ್ಲ. ಅದರ ಬೆಲೆ ಗೊತ್ತಿದ್ದವನು ನಾನೊಬ್ಬ, ನಾನೇ ಹೇಳಿರಲಿಲ್ಲ. ಅಜ್ಜಿ ಕೇಳಿದಾಗ ಬರೀ "ಇಲ್ಲ" ಅಂದು ಸುಮ್ಮನಾಗುವ ಬದಲು, ನಿಮ್ಮ ಹೆಸರಿಲ್ಲ ನಿಜ, ಆದರೆ ನಿಮ್ಮೂರಿನ ಕೇರಿಯ ಹೆಸರಿದೆ, ನಿಮ್ಮ ಗದ್ದೆಯ ಅಕ್ಕಿ ಇರಬಹುದು, ಇದನ್ನು ಒಡೆಯಬೇಡಿ ಅಂತ ಎರಡು ಮಾತು ಹೇಳಬಹುದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಈಗ ಇರುವುದು 'ಕೇರಿಯ ಹಲ' ಅಷ್ಟೇ. ಯಾವ ಕೇರಿ, ಯಾವ ಶಕವರ್ಷ, ಏನು ದಾನ ಅನ್ನುವುದೆಲ್ಲ ಆ ಮನೆಯ ಪಾಯದಲ್ಲಿದೆ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ. ಕರಾವಳಿಯ ಒಗೆಯುವ ಕಲ್ಲುಗಳಿಗೆ, ತೋಟದ ದರೆಗಳಿಗೆ, ಗದ್ದೆಯ ಅಂಚಿಗೆ ಸ್ಕ್ಯಾನರು ಬರುವವರೆಗೆ ಕಾಯುವ ಹಾಗಿಲ್ಲ. ಅಷ್ಟರೊಳಗೆ ನಾವು ನೀವು ಮಾಡಬಹುದಾದದ್ದು ಇಷ್ಟಿದೆ. ಅಕ್ಷರ ಇರುವ ಕಲ್ಲು ಕಂಡರೆ ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಬಿಸಿಲಿಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಕಲ್ಲು ಒಣಗಿರಲಿ. ಅಡ್ಡ, ಉದ್ದ, ತುಂಡುತುಂಡಾಗಿ ಹತ್ತು ಫೋಟೋ ಇರಲಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು ಇಡಿ. ಚಾಕ್‌ಪೀಸಿನಲ್ಲಿ ಅಕ್ಷರ ತುಂಬಬೇಡಿ. ತಪ್ಪಾಗಿ ತುಂಬಿದ್ದನ್ನೇ ಮುಂದಿನವರು ಓದುತ್ತಾರೆ. ಆಸಿಡ್, ಬಣ್ಣ, ಎಣ್ಣೆ ಯಾವುದೂ ಬೇಡ. ಜಾಗ ಬರೆದಿಟ್ಟುಕೊಂಡು ಪುರಾತತ್ವ ಇಲಾಖೆಗೆ, ಪಂಚಾಯ್ತಿಗೆ, ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟರಿಗೆ ತಿಳಿಸಿ.

ಎಲ್ಲಕ್ಕಿಂತ ಮೊದಲು ಮನೆಯವರಿಗೆ ಹೇಳಿ. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಅರ್ಥವಾಗುವ ಹಾಗೆ ಓದಿ ಹೇಳಿ. ಕಲ್ಲನ್ನು ಕಾಯುವವರು ಅವರೇ, ಇಲಾಖೆಯಲ್ಲ. ಹತ್ತು ಕೇರಿಯ ಹಲರು ಆರುನೂರು ವರ್ಷದ ಹಿಂದೆ ಹೊತ್ತ ಹೊಣೆ ಈಗ ಬಂದು ನಿಂತಿರುವುದು ಅವರ ಹಿತ್ತಿಲಲ್ಲಿ.